ಸಕ್ಕರೆ ಹಿಮ

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಅಂಗಡಿ ಇದೆ. ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ ಇಂಥವನ್ನು ರಿಪೇರಿ ಮಾಡುತ್ತೇನೆ. ಅದಕ್ಕೆ ಮುಂಚೆ ಹದಿನೇಳು ವರ್ಷ ಸೈನ್ಯದಲ್ಲಿದ್ದೆ. ಅದರಲ್ಲಿ ಆರು ಚಳಿಗಾಲ ಕಾಶ್ಮೀರದ ಎತ್ತರದ ಠಾಣೆಗಳಲ್ಲಿ, ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕಿ ತೆಗೆಯುವ ತಂಡದಲ್ಲಿ ಕಳೆಯಿತು. ಅಲ್ಲಿ ಹನ್ನೊಂದು ಜನರನ್ನು ನಾನು ಅಗೆದು ತೆಗೆದಿದ್ದೇನೆ. ಉಸಿರಿದ್ದವರು ಮೂವರು. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಗಡಿಯಲ್ಲಿ ಗುಂಡು ಹಾರಿಸಿದ್ದೀರಾ ಎಂದು ಕೇಳುತ್ತಾರೆ. ಇಲ್ಲ ಎಂದರೆ ಮುಖ ಸಪ್ಪೆ ಮಾಡಿಕೊಂಡು ಪಂಪಿನ ವಿಷಯಕ್ಕೆ ಬರುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಪ್ರದೀಪ ಅಂಗಡಿಗೆ ಬಂದ. ಕಿಗ್ಗದ ರಸ್ತೆಯಲ್ಲಿ ಅವನದೊಂದು ಹೋಮ್‌ಸ್ಟೇ. ಬಂದ ಅತಿಥಿಗಳನ್ನು ಜೀಪಿನಲ್ಲಿ ಕೂರಿಸಿ, ಗುಡ್ಡದ ಕೆಸರಿನಲ್ಲಿ ಎಳೆದಾಡಿ, ಅವರ ಕಿರುಚಾಟದ ವಿಡಿಯೊ ಮಾಡಿ ಹಾಕುವುದು ಅವನ ಕಸುಬು. ನೀರಿನಲ್ಲಿ ಮುಳುಗಿದರೂ ಇಂಜಿನ್ನು ಉಸಿರಾಡಲಿ ಎಂದು ಆ ಜೀಪಿಗೊಂದು ಉದ್ದನೆಯ ಕೊಳವೆ ಸಿಕ್ಕಿಸಿದ್ದ. ಮೊಣಕಾಲು ಮುಳುಗುವ ಹಳ್ಳವನ್ನು ಅದು ದಾಟಿದ್ದು ನಾನಂತೂ ಕಂಡಿಲ್ಲ.

"ನಾರಾಯಣಣ್ಣ, ಫೆಬ್ರವರಿಲಿ ನಮ್ಮ ಶಿಖರ ಬಳಗದಿಂದ ಹಿಮಾಲಯಕ್ಕೆ ಹೋಗ್ತಾ ಇದೀವಿ," ಎಂದ. "ಚಳಿಗಾಲದ ಟ್ರೆಕ್ಕಿಂಗು. ನೀವೂ ಬರ್ಬೇಕು. ಟಿಕೆಟ್ಟು ನಮ್ದು."

"ನಾನೆಂತಕ್ಕೆ?"

"ಮಿಲಿಟರಿ ಎಕ್ಸ್‌ಪರ್ಟ್ ಒಬ್ರು ಜೊತೇಲಿ ಇರ್ತಾರೆ ಅಂತ ಪೋಸ್ಟರಲ್ಲಿ ಹಾಕಿದ್ರೆ ಒಂದು ತೂಕ ಅಲ್ವಾ? ಆಮೇಲೆ ಅಲ್ಲಿ ಗೈಡಿನ ತಲೆಬಿಸಿಯೂ ಇಲ್ಲ."

ನನ್ನನ್ನು ಯಾಕೆ ಕರೆಯುತ್ತಿದ್ದಾನೆ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಆಗಲೇ ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಹಿಮ ಕಾಣದೆ ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಗಟ್ಟಿ ಹಿಮದ ಮೇಲೆ ಬೂಟು ಇಟ್ಟಾಗ ಬರುವ ಸದ್ದು ಒಮ್ಮೊಮ್ಮೆ ಕನಸಿನಲ್ಲಿ ಕೇಳಿಸುತ್ತಿತ್ತು. ಆ ಆಸೆಗೆ ಬಿದ್ದು ಒಪ್ಪಿಕೊಂಡೆ. ಒಪ್ಪಿಕೊಂಡ ಗಳಿಗೆಯಿಂದಲೇ ಅವರೆಲ್ಲರ ಮೇಲೂ ನನಗೆ ತಾತ್ಸಾರ ಶುರುವಾಯಿತು.

ತಾತ್ಸಾರಕ್ಕೆ ಅವರು ಕಾರಣಗಳನ್ನೇನೂ ಕಡಿಮೆ ಕೊಡಲಿಲ್ಲ. ಹೊರಡುವ ಮೊದಲೇ 'ಹಿಮ ಗೆದ್ದವರು' ಎಂದು ಬನಿಯನ್ನಿನ ಮೇಲೆ ಅಚ್ಚು ಹಾಕಿಸಿದರು. ಹನ್ನೆರಡು ಅಡಿ ಉದ್ದದ ಬ್ಯಾನರು ಬರೆಸಿದರು. ಹೂತುಹೋದವರನ್ನು ಪತ್ತೆ ಹಚ್ಚುವ ರೇಡಿಯೊ ಬಾಡಿಗೆಗೆ ಸಿಗುತ್ತದೆ, ಪ್ರತಿಯೊಬ್ಬರ ಎದೆಗೂ ಒಂದೊಂದು ಕಟ್ಟಬೇಕು ಎಂದು ನಾನು ಹೇಳಿದಾಗ ಪ್ರದೀಪ ನಕ್ಕ. "ನಾವೆಂತ ಎವರೆಸ್ಟ್ ಹತ್ತಕ್ಕೆ ಹೊರಟಿದೀವಾ ಮಾರಾಯ್ರೆ?" ಆ ರೇಡಿಯೊ ಬೇಡವಾಯಿತು, ಡ್ರೋನಿಗೆ ಎರಡು ಹೆಚ್ಚುವರಿ ಬ್ಯಾಟರಿ ಬಂತು. ಡ್ರೋನ್ ಹಾರಿಸುವವನು ಪ್ರದೀಪನ ಚಿಕ್ಕಪ್ಪನ ಮಗ ನವೀನ. ನರಸಿಂಹರಾಜಪುರದ ಸೋಮಶೇಖರಪ್ಪ ಎಂಬ ನಿವೃತ್ತ ರಸ್ತೆ ಇಂಜಿನಿಯರು ಬಳಗದ ಗೌರವಾಧ್ಯಕ್ಷರು. ಅವರು ನನ್ನ ಹುಟ್ಟೂರು ಅಡ್ಡಗದ್ದೆ, ಅಪ್ಪನ ಹೆಸರು, ಓದು, ಪಿಂಚಣಿ ಎಲ್ಲ ವಿಚಾರಿಸಿ, ನನ್ನನ್ನು ಯಾವ ಮೆಟ್ಟಿಲಲ್ಲಿ ಕೂರಿಸಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡರು. ಉಳಿದ ನಾಲ್ವರು ಪ್ರದೀಪ ನಕ್ಕಾಗ ನಗುವವರು. ಅವರನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಲು ನಾನು ಪ್ರಯತ್ನಿಸಲಿಲ್ಲ.

ಇವರ ಜೊತೆ ಒಬ್ಬಳು ಅಡುಗೆಯವಳೂ ಇದ್ದಳು. ಬೆಟ್ಟದವರ ರೊಟ್ಟಿ ನಮಗೆ ಸೇರುವುದಿಲ್ಲ, ಹಿಮದಲ್ಲಿ ಕೂತು ಕಡುಬು ತಿನ್ನಬೇಕು ಎಂಬುದು ಬಳಗದ ನಿರ್ಣಯ. ಅದಕ್ಕಾಗಿ ಕೊಪ್ಪದ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಕುಸುಮಾಳನ್ನು ಕರೆದುಕೊಂಡರು. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಹುಡುಗಿ, ಇಪ್ಪತ್ತಾರು ವರ್ಷ. ಅಪ್ಪ ವೆಂಕಟಯ್ಯ ಮತ್ತು ಅಮ್ಮ ಸೀತಕ್ಕ ತೋಟದ ಕೆಲಸಕ್ಕೆ ಹೋಗುವವರು. ಯಾರದೋ ಬೂಟನ್ನು ಕೇಳಿ ತಂದು, ಒಳಗೆ ಬಟ್ಟೆ ತುರುಕಿ ಹಾಕಿಕೊಂಡಿದ್ದಳು. ವಿಮಾನದಲ್ಲಿ ಕಿಟಕಿಯ ಪಕ್ಕ ಕೂತು, ಚಂಡೀಗಢ ಬರುವವರೆಗೂ ಕೆಳಗೆ ನೋಡುತ್ತಲೇ ಇದ್ದಳು. ಇಡೀ ಗುಂಪಿನಲ್ಲಿ ನನಗೆ ತಾತ್ಸಾರವಿಲ್ಲದ್ದು ಅವಳೊಬ್ಬಳ ಮೇಲೆ.

ನಾವು ಇಳಿದುಕೊಂಡಿದ್ದು ಹಿಮಾಚಲದ ಒಂದು ಕಣಿವೆಯ ಕೊನೆಯ ಹಳ್ಳಿಯಲ್ಲಿ, ಕಲ್ಲು ಮರ ಸೇರಿಸಿ ಕಟ್ಟಿದ ಒಂದು ಮನೆಯಲ್ಲಿ. ಹಿಂದುಗಡೆ ಬೋಳು ಇಳಿಜಾರು, ಅದರ ಮೇಲೆ ಬೆಟ್ಟದ ಭುಜದಂಥ ಒಂದು ಚಪ್ಪಟೆ ಜಾಗ. ಆ ಭುಜದ ತನಕ ಹತ್ತಿ ಬ್ಯಾನರು ಬಿಚ್ಚುವುದೇ ಇವರ ಶಿಖರ. ಹೋದ ಮೊದಲೆರಡು ದಿನ ಗಾಳಿಯ ಜೊತೆ ಹಿಮ ಸುರಿದದ್ದರಿಂದ ಎಲ್ಲರೂ ಮನೆಯೊಳಗೇ ಉಳಿದು ಇಸ್ಪೀಟು ಆಡಿದರು. ಮನೆಯೊಡತಿ ಒಲೆಯ ಹತ್ತಿರ ಕುಸುಮಾಳಿಗೆ ಜಾಗ ಬಿಟ್ಟುಕೊಟ್ಟಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಅಡುಗೆ ನಡೆಯಿತು. ಈ ಚಳಿಗಾಲ ಡಿಸೆಂಬರಿನಲ್ಲಿ ಸ್ವಲ್ಪ ಹಿಮ ಬಿದ್ದು, ಆಮೇಲೆ ನಾವು ಬರುವವರೆಗೂ ಆಕಾಶ ಬರೀ ನೀಲಿಯಾಗಿತ್ತು ಎಂದು ಒಡತಿ ನನಗೆ ಹೇಳಿದಳು. ಬಿಸಿಲು ಬಂದ ಕೂಡಲೇ ಹಿಮವನ್ನು ಅಗೆದು ನೋಡಬೇಕು ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಬಿಸಿಲು ಬಂತು. ನಾನು ಸಲಿಕೆ ತೆಗೆದುಕೊಂಡು ಹೋಗಿ, ಇಳಿಜಾರಿನ ಬುಡದಲ್ಲಿ ಅದೇ ದಿಕ್ಕಿಗೆ ಮುಖ ಮಾಡಿದ್ದ ಸಣ್ಣ ದಿಬ್ಬವೊಂದರಲ್ಲಿ ನೆಲದವರೆಗೆ ಗುಂಡಿ ತೋಡಿದೆ. ಹಿಮ ನೋಡುವುದಕ್ಕೆ ಒಂದೇ ರಾಶಿಯಾದರೂ, ಒಳಗೆ ಅದು ಬಿದ್ದ ದಿನಗಳ ಲೆಕ್ಕದಲ್ಲಿ ಪದರ ಪದರವಾಗಿರುತ್ತದೆ. ಮೇಲೆ ಎರಡಡಿ, ಗಾಳಿ ತಂದು ಒತ್ತಿದ ಹೊಸ ಹಿಮ. ಮುಷ್ಟಿ ಇಳಿಯದಷ್ಟು ಗಟ್ಟಿ, ಒಂದು ಹಲಗೆಯ ಹಾಗೆ. ಅದರ ಕೆಳಗೆ ಅರ್ಧ ಅಡಿ ಡಿಸೆಂಬರಿನ ಹಳೆಯ ಹಿಮ. ತಿಂಗಳುಗಟ್ಟಲೆ ಬರಿ ಚಳಿಯಲ್ಲಿ ಬಿದ್ದಿದ್ದು ಅದರ ಕಣಗಳು ಒಂದಕ್ಕೊಂದು ಅಂಟುವುದನ್ನೇ ಬಿಟ್ಟಿದ್ದವು. ಕೈಗೆ ತೆಗೆದುಕೊಂಡರೆ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯಿತು. ಸಕ್ಕರೆ ಹಿಮ ಎಂದೇ ನಾವು ಅದನ್ನು ಕರೆಯುತ್ತಿದ್ದೆವು. ಭಾರದ ಹಲಗೆ ಸಕ್ಕರೆಯ ಮೇಲೆ ಕೂತಿತ್ತು.

ಪ್ರದೀಪನೂ ಸೋಮಶೇಖರಪ್ಪನವರೂ ಕಾಫಿಯ ಲೋಟ ಹಿಡಿದು ಬಂದು ಗುಂಡಿಯ ಅಂಚಿನಲ್ಲಿ ನಿಂತರು. ಗುಂಡಿಯ ಗೋಡೆಯಿಂದ ಒಂದಡಿ ಅಗಲದ ಹಿಮದ ಕಂಬವನ್ನು ಬಿಡಿಸಿದೆ. ಅದರ ತಲೆಯ ಮೇಲೆ ಸಲಿಕೆಯ ತಗಡನ್ನು ಇಟ್ಟು, ಮಣಿಕಟ್ಟಿನಿಂದ ಮೆಲ್ಲಗೆ ಬಡಿದೆ. ನಾಲ್ಕನೆಯ ಪೆಟ್ಟಿಗೆ ಮೇಲಿನ ಹಲಗೆ ಇಡಿಯಾಗಿ ಜಾರಿ ನನ್ನ ಮೊಣಕಾಲಿಗೆ ಬಂದು ಬಿತ್ತು.

"ನೋಡಿ," ಎಂದೆ. "ಒಬ್ಬ ಮನುಷ್ಯನ ಭಾರಕ್ಕೆ ಇದು ಹೊರಡ್ತದೆ. ಇವತ್ತು ಬೇಡ, ನಾಳೆಯೂ ಬೇಡ. ಬೇಕಿದ್ರೆ ಕೆಳಗೆ ದೇವದಾರು ಕಾಡಿನ ಒಳಗೆ ತಿರುಗುವ."

"ಕಾಡು ನಮ್ಮಲ್ಲೇ ಇದೆಯಲ್ಲ ಮಾರಾಯ್ರೆ," ಎಂದ ಪ್ರದೀಪ. "ಜೋರು ಮಳೇಲಿ ಜಾರೋ ಗುಡ್ಡ ಹತ್ತಿದವ್ರು ನಾವು. ಇದು ಹತ್ತಿ ಥರ ಇದೆ."

ಸೋಮಶೇಖರಪ್ಪನವರು ಕಣ್ಣು ಕಿರಿದು ಮಾಡಿ ಇಳಿಜಾರನ್ನು ಅಳೆದರು. "ಇದು ಹೆಚ್ಚೆಂದ್ರೆ ಮೂವತ್ತೈದು ಡಿಗ್ರಿ. ಘಾಟಿ ರಸ್ತೇಲಿ ನಾನು ಅರವತ್ತು ಡಿಗ್ರಿ ಕೊರೆದು ನಿಲ್ಸಿದೀನಿ."

ಹಿಮ ಜಾರುವುದು ಹೆಚ್ಚಾಗಿ ಮೂವತ್ತರಿಂದ ನಲವತ್ತೈದು ಡಿಗ್ರಿಯೊಳಗೇ, ಅರವತ್ತರಲ್ಲಿ ಅದು ನಿಲ್ಲುವುದೇ ಇಲ್ಲ. ಅದನ್ನು ನಾನು ಹೇಳಬಹುದಿತ್ತು. ಗುಂಡಿಗೆ ಇಳಿದು ಆ ಸಕ್ಕರೆಯನ್ನು ಮುಟ್ಟಿ ನೋಡಿ ಎಂದು ಒತ್ತಾಯಿಸಬಹುದಿತ್ತು. ಮನೆಯೊಡತಿಯನ್ನು ಕರೆದು, ಹಳ್ಳಿಯ ಒಬ್ಬನೂ ಈ ವಾರ ಅತ್ತ ಹೋಗುವುದಿಲ್ಲ ಎಂಬ ಅವಳ ಮಾತನ್ನು ಕೇಳಿಸಬಹುದಿತ್ತು. ನಾನು ಅವರ ಕಾಫಿ ಲೋಟಗಳನ್ನೂ, ಹೊಸ ಕನ್ನಡಕಗಳನ್ನೂ ನೋಡಿದೆ. ಇಂಥವರಿಗೆ ಎರಡನೆಯ ಸಲ ಹೇಳುವುದು ನನ್ನ ಆರು ಚಳಿಗಾಲಗಳಿಗೆ ಅವಮಾನ ಎನ್ನಿಸಿತು.

"ಆಯ್ತು, ಹೋಗಿ," ಎಂದೆ. "ನಾನು ಬರುವುದಿಲ್ಲ."

ಅವರು ಏಳು ಜನ ಹೊರಟರು. ನಾನು ಅಂಗಳದ ಕಲ್ಲು ಕಟ್ಟೆಯ ಮೇಲೆ ಕೂತೆ. ಇಳಿಜಾರು ಅಲ್ಲಿಂದ ಪೂರ್ತಿ ಕಾಣುತ್ತಿತ್ತು. ಒಬ್ಬರು ಪೂರ್ತಿ ದಾಟಿದ ಮೇಲೆ ಇನ್ನೊಬ್ಬರು ಹೊರಡಬೇಕಾದ ಕಡೆ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು, ದಿಬ್ಬಣದ ಹಾಗೆ ಹರಟುತ್ತ ಹೋದರು. ನಿಜ ಹೇಳುತ್ತೇನೆ: ಅದು ಜಾರಲಿ ಎಂದು ನಾನು ಬಯಸಲಿಲ್ಲ. ಆದರೆ ಸ್ವಲ್ಪ ಜಾರಲಿ, ಸೊಂಟದವರೆಗೆ ಹೂತುಕೊಂಡು ನನ್ನ ಹೆಸರು ಕೂಗಲಿ ಎಂಬಷ್ಟು ಬಯಸಿದ್ದೆ.

ಅದು ಜಾರಲಿಲ್ಲ. ಹನ್ನೊಂದೂವರೆಗೆ ಎಲ್ಲರೂ ಭುಜ ತಲುಪಿದರು. ಪ್ರದೀಪ ವಿಡಿಯೊ ಕರೆ ಮಾಡಿದ. ಪರದೆಯ ತುಂಬ ಅವನ ಹಲ್ಲು, ಹಿಂದೆ ಬ್ಯಾನರು, ಅದರ ಹಿಂದೆ ನಗುವವರು.

"ನಾರಾಯಣಣ್ಣ, ನಿಮ್ಮ ಹಿಮ ಎಲ್ಲೂ ಬೀಳ್ಳೇ ಇಲ್ವಲ್ಲ. ನಾವು ಹತ್ರತ್ರ ನಾಲ್ಕು ಕ್ವಿಂಟಾಲ್ ಇದೀವಿ, ಅದಕ್ಕೆ ಸಾಲ್ಲಿಲ್ವಾ?"

ಮಾತಾಡದೆ ಕರೆ ಕಡಿದೆ. ಏಳು ಸಲ ತುಳಿದರೂ ಜಾರದ ಹಲಗೆ ಎಂಟನೆಯ ತುಳಿತಕ್ಕೆ, ಒಂದು ತೆಳುವಾದ ಜಾಗ ಸಿಕ್ಕಿದರೆ ಸಾಕು, ಜಾರುತ್ತದೆ. ಬಿಸಿಲು ಏರಿದಷ್ಟೂ ಅದು ಹತ್ತಿರ. ಈ ಕೆಲಸ ಮಾಡಿದವನಿಗೆ ಇದು ಅಆಇಈ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಆ ನಗು ಮಾತ್ರ.

ಸ್ವಲ್ಪ ಹೊತ್ತಿಗೆ ಕುಸುಮಾಳಿಗೆ ಮೇಲಿನಿಂದ ಫೋನು ಬಂತು. ಊಟವನ್ನು ಮೇಲಕ್ಕೆ ತರಬೇಕಂತೆ, ಭುಜದ ಮೇಲೆ ಕೂತು ತಿನ್ನುವ ವಿಡಿಯೊ ಬೇಕಂತೆ. ಅವಳು ಕಡುಬನ್ನು ಸ್ಟೀಲಿನ ಕ್ಯಾರಿಯರಿಗೆ ತುಂಬಿ, ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಬೆನ್ನಿಗೇರಿಸಿಕೊಂಡು ಅಂಗಳಕ್ಕೆ ಬಂದಳು. ನನ್ನ ಮುಂದೆ ನಿಂತಳು.

"ನಾರಾಯಣಣ್ಣ, ನೀವು ಬೆಳಿಗ್ಗೆ ಅವರ ಹತ್ರ ಎಂತದೋ ಹೇಳ್ತಾ ಇದ್ರಲ್ಲ. ನಾನು ಹೋಗಬಹುದಾ?"

"ನನ್ನನ್ನು ಯಾಕೆ ಕೇಳ್ತೀಯ?" ಎಂದೆ. "ಅವರನ್ನೇ ಕೇಳು. ಎಲ್ಲ ಗೊತ್ತಿದ್ದವರು. ದಾಟಿ ತೋರಿಸಿದ್ದಾರಲ್ಲ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಚೀಲದ ಪಟ್ಟಿ ಬಿಗಿ ಮಾಡಿಕೊಂಡು, ಆ ಏಳು ಜನರ ಹೆಜ್ಜೆಯ ಗುರುತು ಹಿಡಿದು ಹತ್ತತೊಡಗಿದಳು. ನಾನು ಚಹಾ ಕುಡಿದೆ.

ಇಳಿಜಾರಿನ ನಡುಮಧ್ಯಕ್ಕೆ ಅವಳು ಬಂದಾಗ ಮೇಲಿನಿಂದ ಕೂಗು ಕೇಳಿಸಿತು. ಪ್ರದೀಪ ಮತ್ತು ನವೀನ ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತಿದ್ದರು. ಕುಸುಮಾ ಬರುವ ದಾರಿಯ ಪಕ್ಕಕ್ಕೇ ಜಾರಿ ಬಂದು ಅವಳನ್ನು ಬೆಚ್ಚಿಬೀಳಿಸುವುದು, ಅದನ್ನು ಚಿತ್ರ ಮಾಡುವುದು ಅವರ ಉಪಾಯ. ಹಾಳೆ ಇಪ್ಪತ್ತು ಅಡಿ ಜಾರಿರಬಹುದು. ಭಾರವಾದ ಬಾಗಿಲು ದೂರದಲ್ಲಿ ಮುಚ್ಚಿಕೊಂಡಂತೆ ಒಂದು ಸದ್ದಾಯಿತು. ಅವರ ಮೇಲುಗಡೆ, ಇಳಿಜಾರಿನ ಅಡ್ಡಕ್ಕೆ ಒಂದು ಗೆರೆ ಓಡಿತು. ಗೆರೆಯ ಕೆಳಗಿನದೆಲ್ಲ ಗಾಜಿನ ಹಾಗೆ ಒಡೆದು ಹೊರಟಿತು. ನಾನು ಎದ್ದು ನಿಲ್ಲುವುದರೊಳಗೆ ಬಿಳಿ ಧೂಳು ಎಲ್ಲವನ್ನೂ ಮುಚ್ಚಿತ್ತು.

ಮಡಚುವ ಶೋಧಕೋಲು ನನ್ನ ಚೀಲದಲ್ಲಿತ್ತು, ಸಲಿಕೆ ಗುಂಡಿಯ ಪಕ್ಕದಲ್ಲಿತ್ತು. ಎರಡನ್ನೂ ಹಿಡಿದು ಓಡಿದೆ. ಮನೆಯೊಡತಿ ಮತ್ತವಳ ಗಂಡ ತಮ್ಮ ಮರದ ಸಲಿಕೆಗಳನ್ನು ಹಿಡಿದು ಹಿಂದೆ ಬಂದರು. ನವೀನ ಸೊಂಟದವರೆಗೆ ಹೂತಿದ್ದ, ಅಳುತ್ತಿದ್ದ. ಪ್ರದೀಪ ಪಕ್ಕಕ್ಕೆ ಉರುಳಿ ತಪ್ಪಿಸಿಕೊಂಡು ನಾಲ್ಕು ಕಾಲಿನಲ್ಲಿ ನಿಂತಿದ್ದ. ಕುಸುಮಾ ಎಲ್ಲೂ ಇರಲಿಲ್ಲ.

"ಅವಳು ಕೊನೆಗೆ ಕಂಡದ್ದು ಎಲ್ಲಿ?" ಎಂದು ಕೇಳಿದೆ.

ಪ್ರದೀಪ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಕೈ ತೋರಿಸಿದ. ಮೇಲಿದ್ದ ಐವರು ಇಳಿಜಾರಿನ ಅಂಚಿನಲ್ಲಿ ಸಾಲಾಗಿ ನಿಂತು, ಇಳಿಯಲೂ ಧೈರ್ಯವಿಲ್ಲದೆ, ನಿಲ್ಲಲೂ ಧೈರ್ಯವಿಲ್ಲದೆ, ಒಬ್ಬರ ತೋಳು ಒಬ್ಬರು ಹಿಡಿದುಕೊಂಡಿದ್ದರು. ಅವಳು ಮುಳುಗಿದ್ದನ್ನು ಯಾರೂ ನೋಡಿರಲಿಲ್ಲ. ಅಷ್ಟರಲ್ಲಿ ನವೀನನ ಕೈಯಲ್ಲಿ ಫೋನು ಕಂಡಿತು. ಹೂತರೂ ಅದನ್ನು ಬಿಟ್ಟಿರಲಿಲ್ಲ. ಕಿತ್ತುಕೊಂಡು ವಿಡಿಯೊ ಹಿಂದಕ್ಕೆ ಓಡಿಸಿದೆ. ಜಾರುವ ಹಾಳೆಯ ಅಂಚಿನಾಚೆ, ಒಂದು ಚೂಪು ಬಂಡೆಯ ನೇರಕ್ಕೆ, ಕೆಂಪು ಸ್ವೆಟರು ಎರಡು ಸಲ ತಿರುಗಿ ಮುಳುಗಿತು. ಅವರ ಆ ಹಾಳು ವಿಡಿಯೊ ಇಲ್ಲದಿದ್ದರೆ ಅವಳು ಸಿಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಇವತ್ತಿಗೂ ನನಗೆ ಕಷ್ಟವಾಗುತ್ತದೆ.

ಬಂಡೆಯಿಂದ ನೇರ ಕೆಳಕ್ಕೆ, ಹರಿವು ತಿರುಗಿ ರಾಶಿಬಿದ್ದ ಕಡೆ ಕೋಲು ಚುಚ್ಚುತ್ತ ಹೋದೆ. ಗೇಣಿಗೊಂದು ಚುಚ್ಚು. ನೆಲಕ್ಕೆ ತಾಗಿದರೆ ಟಣ್ ಎನ್ನುತ್ತದೆ, ಮನುಷ್ಯರಿಗೆ ತಾಗಿದರೆ ಮೆತ್ತಗೆ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಸಿಕ್ಕಿದಾಗ ಕೋಲನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಗೆಯಲು ಹೇಳಿದೆ. ನಿಂತ ಹಿಮಕುಸಿತ ಸಿಮೆಂಟಿನ ಹಾಗಿರುತ್ತದೆ. ಮೂವರೂ ಅಗೆದೆವು. ಮೂರಡಿ ಆಳದಲ್ಲಿ ಮೊದಲು ಕ್ಯಾರಿಯರು, ಆಮೇಲೆ ಅವಳ ಭುಜ, ಆಮೇಲೆ ಮುಖ. ತುಟಿ ನೇರಳೆಯಾಗಿತ್ತು. ಬಾಯಿಯೊಳಗಿನ ಹಿಮವನ್ನು ಬೆರಳು ಹಾಕಿ ತೆಗೆದು ಉಸಿರು ಊದಿದೆ. ನಾಲ್ಕನೆಯದಕ್ಕೆ ಅವಳು ಕೆಮ್ಮಿದಳು. ಹದಿನೈದು ಹದಿನಾರು ನಿಮಿಷವಾಗಿರಬೇಕು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ನಾನು ತೆಗೆದ ಈ ಹನ್ನೆರಡನೆಯವಳೂ ಉಸಿರಿಲ್ಲದವರ ಕಡೆ ಸೇರುತ್ತಿದ್ದಳು. ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಅವಳಿಗೆ ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಕಾಲಿಗೆ ಕಂಬಿ ಹಾಕಿದರು. ನಾನು ಜೊತೆಗೆ ಉಳಿದೆ. ಬಳಗದವರು ತಮ್ಮ ಟಿಕೆಟ್ಟಿನ ದಿನಕ್ಕೆ ಸರಿಯಾಗಿ ಊರಿಗೆ ಹೋದರು. ಹತ್ತು ದಿನ ಆಸ್ಪತ್ರೆಯಲ್ಲಿದ್ದಾಗಲೂ, ಹಿಂದಿರುಗಿ ಬರುವ ದಾರಿಯಲ್ಲೂ ಕುಸುಮಾ ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ನೋವಿಗೆ ಎಂದುಕೊಂಡೆ.

ನಾವು ಊರು ತಲುಪುವಷ್ಟರಲ್ಲಿ ಕತೆ ಅಲ್ಲಿ ಬೇರೆಯೇ ಆಗಿತ್ತು. ಶಿಖರ ಬಳಗದವರು ಪ್ರಾಣದ ಹಂಗು ತೊರೆದು ಅಡುಗೆಯವಳನ್ನು ಹಿಮದಿಂದ ಎತ್ತಿದರಂತೆ. ತಾವು ಬೇಡವೆಂದರೂ ಕೇಳದೆ, ಅವಳು ಹಿಮ ನೋಡುವ ಹುಚ್ಚಿಗೆ ಒಬ್ಬಳೇ ಮೇಲೆ ಹತ್ತಿ ಬಂದಳಂತೆ. ಪ್ರದೀಪ ಹಣ್ಣಿನ ಬುಟ್ಟಿಯೊಂದಿಗೆ ನಾರ್ವೆಗೆ ಹೋಗಿ, ಪ್ಲಾಸ್ಟರಿನ ಕಾಲಿನ ಪಕ್ಕ ಕೂತು ಫೋಟೊ ತೆಗೆಸಿಕೊಂಡ. ಮಾರ್ಚಿನಲ್ಲಿ ಕೊಪ್ಪದಲ್ಲಿ ಸನ್ಮಾನವೂ ಗೊತ್ತಾಯಿತು. ಕಾರ್ಡಿನಲ್ಲಿ ಕೆಳಗಿನಿಂದ ಎರಡನೆಯ ಸಾಲಿನಲ್ಲಿ, 'ಸಹಕಾರ' ಎಂಬ ಪದದ ಮುಂದೆ ನನ್ನ ಹೆಸರಿತ್ತು.

ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಒಂದು ಭಾನುವಾರ ನಾರ್ವೆಗೆ ಹೋದೆ. ಅವರನ್ನು ಬೈಯಲು ಒಬ್ಬರು ಜೊತೆಗಾರರು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಜೀವ ಉಳಿಸಿದಿರಿ ಎಂಬ ಮಾತು ಅವಳ ಬಾಯಿಂದ ಕೇಳಬೇಕಿತ್ತು. ಕುಸುಮಾ ಜಗುಲಿಯಲ್ಲಿ ಮಂಚದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು. ಸೀತಕ್ಕ ಕಾಫಿ ಕೊಟ್ಟು ಒಳಗೆ ಹೋದರು.

"ನೋಡಿದೆಯಾ ಅವರ ಕತೆ," ಎಂದು ಕಾರ್ಡು ತೋರಿಸಿದೆ. "ಮಾನ ಮರ್ಯಾದೆ ಇಲ್ಲದ ಜನ."

ಅವಳು ಕಾರ್ಡು ಓದಿ ವಾಪಸು ಕೊಟ್ಟಳು. "ಅಲ್ಲಿ ಎಂತ ಆಗಿತ್ತು ಆ ಗುಡ್ಡದಲ್ಲಿ? ಸರಿಯಾಗಿ ಹೇಳಿ."

ನಾನು ಹೇಳಿದೆ. ಹಳೆಯ ಹಿಮ, ಹೊಸ ಹಿಮ, ಸಕ್ಕರೆ, ಹಲಗೆ. ಅವಳು ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ಶೇಡಿ ಮಣ್ಣಿನ ಹಾಗೆ," ಎಂದಳು. "ಮೇಲೆ ಕೆಂಪು ಮಣ್ಣು ಗಟ್ಟಿ ಕಾಣ್ತದೆ, ಅಡಿಗೆ ಬಿಳಿ ಮಣ್ಣು ನುಣ್ಣಗೆ. ಆಷಾಢದಲ್ಲಿ ಗುಡ್ಡ ಜರಿಯುವುದು ಹಾಗೇ ಅಲ್ವಾ."

"ಹೌದು. ಹಾಗೇ."

"'ಶೇಡಿ ಮಣ್ಣಿನ ಮೇಲೆ ನಿಂತ ಗುಡ್ಡ, ಕುಸುಮಾ, ಹೋಗ್ಬೇಡ' ಅಂತ. ಇಷ್ಟು ಹೇಳಿದ್ರೆ ಸಾಕಿತ್ತು ನಂಗೆ. ನಾನು ಕೇಳಿದ್ದೆ ನಿಮ್ಮನ್ನ."

ನಾನು ಕಾಫಿಯ ಲೋಟ ಕೆಳಗಿಟ್ಟೆ. "ಅವರ ಮೇಲೆ ಸಿಟ್ಟಿತ್ತು ಆಗ," ಎಂದೆ.

"ಪ್ರದೀಪಣ್ಣಂಗೆ ಗೊತ್ತಿರ್ಲಿಲ್ಲ. ದಡ್ಡ. ದಡ್ಡರ ಮೇಲೆ ನಂಗೆಂತ ಸಿಟ್ಟು?" ಅವಳ ದನಿ ಏರಲಿಲ್ಲ. "ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಚಹಾ ಕುಡೀತಾ ಕೂತ್ರಿ. ಅವರು ನನ್ನ ಲೆಕ್ಕಕ್ಕೇ ತಗಳ್ಳಿಲ್ಲ. ನೀವು ತಗಂಡ್ರಿ, ತಗಂಡೂ ಹೋಗಕ್ಕೆ ಬಿಟ್ರಿ. ನನ್ನ ಕಣ್ಣಲ್ಲಿ ನೀವು ಅವ್ರಿಗಿಂತ ಕಡೆ."

ಆಮೇಲೆ ಹಣ್ಣಿನ ಬುಟ್ಟಿಯ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದಳು. ಬೇಡವೆಂದರೂ ಹೋದ ಹುಡುಗಿ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದರು. ಅಪ್ಪ ದಿನಾ ಬೈಯುತ್ತಿದ್ದರು. ಹೇಳಿದ ಮಾತು ಕೇಳದವಳು ನಮಗೆ ಬೇಡ ಎಂದು ಹಾಸ್ಟೆಲಿನವರು ಹೇಳಿದ್ದರು.

"ಅಡುಗೆಯವಳು ಕೇಳಿದ್ಲು, ಹೋಗು ಅಂದ್ರು, ಅದಕ್ಕೆ ಹೋದ್ಲು. ಇಷ್ಟು ಹೇಳಿ ಆ ಸನ್ಮಾನದಲ್ಲಿ, ಎಲ್ಲರ ಎದುರಿಗೆ. ಹೇಳಿದ್ರೆ ನಿಮ್ಮ ಮೇಲೆ ನಂಗಿರೋ ಸಿಟ್ಟು ಕಮ್ಮಿ ಆಗ್ತದೆ ಅಂತ ತಿಳ್ಕೊಬೇಡಿ."

ಸನ್ಮಾನದ ದಿನ ಸಭಾಂಗಣದ ಮುಕ್ಕಾಲು ಕುರ್ಚಿ ತುಂಬಿತ್ತು. ವಿಡಿಯೊ ತೋರಿಸಿದರು. ಅದರಲ್ಲಿ ಹಾಳೆ ಇರಲಿಲ್ಲ, ನಗು ಇರಲಿಲ್ಲ. ಬಿಳಿ ಧೂಳು, ಆಮೇಲೆ ಅಗೆಯುವ ನನ್ನ ಬೆನ್ನು, ಆಮೇಲೆ ಪ್ರದೀಪ ಕುಸುಮಾಳ ಕೈ ಹಿಡಿದು ನಿಂತದ್ದು. ಸೋಮಶೇಖರಪ್ಪನವರು ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಸಣ್ಣವನು ಎಂದು ಅರ್ಧ ಗಂಟೆ ಮಾತಾಡಿದರು. ಶಾಲು ಹೊದಿಸಿದ ಮೇಲೆ ಎರಡು ಮಾತು ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು.

ನಾನು ಭಾಷಣಕಾರನಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಹಿಮ ಜಾರುತ್ತದೆ ಎಂದು ಬೆಳಿಗ್ಗೆ ಇವರಿಗೆ ತೋರಿಸಿದ್ದೆ ಎಂದೆ. ಊಟ ತರಲು ಇವರೇ ಫೋನು ಮಾಡಿದರು, ಇವರು ಹಾಳೆಯ ಮೇಲೆ ಕೂತು ಜಾರಿದ್ದರಿಂದಲೇ ಅದು ಒಡೆಯಿತು ಎಂದೆ. ಹೋಗಬಹುದಾ ಎಂದು ಕುಸುಮಾ ನನ್ನನ್ನು ಕೇಳಿದಳು. ನನಗೆ ಅಪಾಯ ಗೊತ್ತಿತ್ತು. ಇವರ ಮೇಲಿನ ಹಟಕ್ಕೆ ನಾನು ಅವಳನ್ನು ತಡೆಯಲಿಲ್ಲ. ಅವಳು ಯಾರ ಮಾತನ್ನೂ ಮೀರಲಿಲ್ಲ. ಇಷ್ಟು ಹೇಳಿ ಶಾಲನ್ನು ಮಡಚಿ ಮೇಜಿನ ಮೇಲಿಟ್ಟೆ.

ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ಶುರು ಮಾಡಿ ನಿಲ್ಲಿಸಿದರು. ಪ್ರದೀಪ ಮೈಕು ತೆಗೆದುಕೊಂಡು, "ನಾರಾಯಣಣ್ಣ ಇನ್ನೂ ಆ ಶಾಕ್‌ನಿಂದ ಹೊರಗೆ ಬಂದಿಲ್ಲ," ಎಂದ. ಸಭೆ ಅದನ್ನು ಸಂತೋಷದಿಂದ ಒಪ್ಪಿಕೊಂಡಿತು. ಎಲ್ಲರಿಗೂ ಲಾಡು ಹಂಚಿದರು.

ಆದರೂ ಮಾತು ಹೊರಗೆ ಹೋಯಿತು. ಮೂರನೆಯ ಸಾಲಿನಲ್ಲಿ ಕೂತಿದ್ದ ಹಾಸ್ಟೆಲಿನ ಮೇಲ್ವಿಚಾರಕಿ ಅನಿತಾ, ಕಾಲು ಸರಿಯಾದ ಮೇಲೆ ಕೆಲಸಕ್ಕೆ ಬಾ ಎಂದು ಕುಸುಮಾಳಿಗೆ ಹೇಳಿಕಳಿಸಿದರು. ಪ್ರದೀಪನ ಸ್ನೇಹಿತರ ತೋಟಗಳ ಯಂತ್ರಗಳು ನನ್ನ ಅಂಗಡಿಗೆ ಬರುವುದು ನಿಂತಿತು. ಅವನ ಹೋಮ್‌ಸ್ಟೇ ಎಂದಿನಂತೆ ತುಂಬಿಯೇ ಇದೆ.

ಅದಾದ ವಾರಕ್ಕೆ ವೆಂಕಟಯ್ಯ ತಾವು ಕೆಲಸಕ್ಕೆ ಹೋಗುವ ತೋಟದ ಪಂಪು ಹೊತ್ತುಕೊಂಡು ಅಂಗಡಿಗೆ ಬಂದರು. ಅರವತ್ತು ದಾಟಿದ ಮನುಷ್ಯ. ಸ್ಟೂಲು ಎಳೆದುಕೊಟ್ಟೆ, ಕೂರಲಿಲ್ಲ.

"ನೀವು ಅಲ್ಲಿ ಮಾತಾಡಿದ್ದು ಕೇಳ್ದೆ," ಎಂದರು. "ಮನೆಗೆ ಬಂದಾಗಿಂದ ಹುಡುಗಿಗೆ ಬೈದಿದ್ದೇ ಬೈದಿದ್ದು ನಾನು. ಸುಳ್ಳು ಸುಳ್ಳೇ ಬೈದೆ."

ನಾನು ಪಂಪಿನ ಮುಚ್ಚಳ ಬಿಚ್ಚುತ್ತಿದ್ದೆ. ವಾಷರು ಸವೆದಿತ್ತು, ಹತ್ತು ನಿಮಿಷದ ಕೆಲಸ.

"ಒಂದು ತಿಳೀಲಿಲ್ಲ ನಂಗೆ. ಅವಳು ಕೇಳಿದಾಗ ನೀವು ಹೇಳ್ಲಿಲ್ಲ ಯಾಕೆ?"

"ಅವರನ್ನು ಕಂಡ್ರೆ ತಾತ್ಸಾರ ಇತ್ತು ವೆಂಕಟಯ್ಯ. ಅವರಿಗೆ ಬುದ್ಧಿ ಬರ್ಲಿ ಅಂತ ಇತ್ತು ಮನಸ್ಸಲ್ಲಿ."

ಅವರು ರಸ್ತೆಯ ಕಡೆ ತಿರುಗಿದರು.

"ಅವರಿಗೆ ಬುದ್ಧಿ ಬರ್ಲಿ ಅಂತ ನಮ್ಮ ಹುಡುಗಿನಾ," ಎಂದರು.

ಅವರು ಬಗ್ಗಿ ಮುಚ್ಚಳವನ್ನು ಎತ್ತಿಕೊಂಡು, ಪಂಪಿನ ಬಾಯಿಗೆ ಇಟ್ಟು, ತಿರುಪನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದರು. ಹತ್ತು ನಿಮಿಷದಲ್ಲಿ ಆಗುತ್ತದೆ, ಕೂತ್ಕೊಳ್ಳಿ ಎಂದೆ.

"ಬೇಡ," ಎಂದರು. ಪಂಪನ್ನು ಹೆಗಲಿಗೇರಿಸಿಕೊಂಡು, ಮೇಲಿನ ಪೇಟೆಯಲ್ಲಿರುವ ಇನ್ನೊಂದು ರಿಪೇರಿ ಅಂಗಡಿಯ ಕಡೆಗೆ ಏರು ಹತ್ತಿ ನಡೆದರು.